ತಲಕಟ್ಟು (ಅಚ್ಚಕ್ಷರ ವಿನ್ಯಾಸ)

ಪತ್ರಿಕೆ ಅಥವಾ ಬರಹದ ಶಿರೋನಾಮೆ ಎಂಬ ಅರ್ಥದಲ್ಲಿಯೂ 'ತಲೆಕಟ್ಟು' ಎಂಬ ಪದ ಬಳಕೆಯಲ್ಲಿದೆ. ಈ ಲೇಖನವು ಅಕ್ಷರದ ಅಂಗವಾದ ತಲಕಟ್ಟನ್ನು ಕುರಿತದ್ದು.

ತಲಕಟ್ಟು ಅಥವಾ ತಲೆಕಟ್ಟು ಎಂಬುದು ಕನ್ನಡ ಲಿಪಿಯ ಬಹುಪಾಲು ವ್ಯಂಜನಾಕ್ಷರಗಳ ನೆತ್ತಿಯ ಮೇಲೆ ಬರುವ ಅಡ್ಡಗೆರೆ. ಎಡದಿಂದ ಬಲಕ್ಕೆ ಸಾಗುವ ಈ ಗೆರೆಯು ಬಲತುದಿಯಲ್ಲಿ ಅರಳುತ್ತದೆ ಅಥವಾ ಬಾಗುತ್ತದೆ. ಕಾಗುಣಿತದಲ್ಲಿ ಇದು ವ್ಯಂಜನಕ್ಕೆ ಸೇರಿದ 'ಅ' ಸ್ವರದ ಗುರುತಾಗಿದೆ. ಅಚ್ಚಕ್ಷರಗಳ ವಿನ್ಯಾಸದಲ್ಲಿ ಪುಟದ ಸಾಲುಗಳಿಗೆ ಮೇಲಂಚನ್ನು ಒದಗಿಸುವುದೂ ಒಂದು ಅಚ್ಚಿಗೆ ಅದರದೇ ಮುಖಲಕ್ಷಣವನ್ನು ಕೊಡುವುದೂ ಬಹುಮಟ್ಟಿಗೆ ಇದೇ ಗೆರೆ. ರೋಮನ್ ಅಕ್ಷರಗಳ ತುದಿಗಳಲ್ಲಿ ಕಾಣುವ ಸೆರಿಫ್‌ಗೆ, ಅದರಲ್ಲಿಯೂ ಅರಳುತುದಿಯ ಸೆರಿಫ್‌ಗೆ, ಇದನ್ನು ಹೋಲಿಸಬಹುದು. ಆದರೆ ಸೆರಿಫ್ ಅಲಂಕಾರವಾದುದರಿಂದ ಅದನ್ನು ತೆಗೆದರೂ ಅಕ್ಷರ ಉಳಿಯುತ್ತದೆ. ತಲಕಟ್ಟನ್ನು ತೆಗೆದರೆ ಅಕ್ಷರವೇ ಅಪೂರ್ಣವಾಗುತ್ತದೆ.

ಹೆಸರು ಮತ್ತು ರೂಪ

ತಲೆಗೆ ಕಟ್ಟಿದ್ದು ಎಂಬ ಅರ್ಥದಲ್ಲಿ ಈ ಹೆಸರು ಬಂದಿದೆ. ಶಾಲೆಗಳ ಕಾಗುಣಿತ ಪಾಠದಲ್ಲಿ ತಲಕಟ್ಟು, ಇಳಿ, ಗುಡಿಸು, ಕೊಂಬು, ವಟ್ರಸುಳಿ, ಏತ್ವ, ಐತ್ವ, ಓತ್ವ, ಔತ್ವ ಎಂಬ ಹೆಸರುಗಳು ಸಾಲಾಗಿ ಬರುತ್ತವೆ. ಇವುಗಳಲ್ಲಿ ಮಕ್ಕಳು ಮೊದಲು ಕಲಿಯುವುದು ತಲಕಟ್ಟನ್ನು. ತೆಲುಗಿನಲ್ಲಿಯೂ ಈ ಗುರುತಿಗೆ ಇದೇ ಹೆಸರಿದೆ.

ಎಲ್ಲ ವ್ಯಂಜನಗಳಿಗೂ ತಲಕಟ್ಟು ಇರುವುದಿಲ್ಲ. ಕ, ಗ, ಚ, ಡ, ತ, ದ, ನ, ಪ, ಮ, ಯ, ರ, ವ, ಸ, ಹ, ಳ ಮೊದಲಾದವುಗಳಿಗೆ ತಲಕಟ್ಟು ಇದೆ. ಖ, ಜ, ಞ, ಟ, ಣ, ಬ, ಲ ಮೊದಲಾದವುಗಳಿಗೆ ಇಲ್ಲ. ಇವುಗಳ ಮೇಲ್ಭಾಗವು ಅಕ್ಷರದ ಒಡಲಿನಲ್ಲಿಯೇ ಅಡಗಿದೆ. 'ಕಡಬ' ಎಂಬ ಊರಿನ ಹೆಸರನ್ನು ಬರೆದು ನೋಡಿದರೆ ಈ ಭೇದ ಸ್ಪಷ್ಟವಾಗುತ್ತದೆ: ಮೊದಲ ಎರಡು ಅಕ್ಷರಗಳು ತಲಕಟ್ಟು ಹೊತ್ತಿವೆ, ಮೂರನೆಯದಕ್ಕೆ ಅದಿಲ್ಲ. ಅದೇ ತಾಲೂಕಿನ 'ಕೋಡಿಂಬಾಳ'ದಲ್ಲಿ ಕೊನೆಯ 'ಳ' ಒಂದಕ್ಕೆ ಮಾತ್ರ ತಲಕಟ್ಟು ಇದೆ. 'ಕೋ' ಅಕ್ಷರದಲ್ಲಿ ಏತ್ವದ ಗುರುತು, 'ಡಿ' ಅಕ್ಷರದಲ್ಲಿ ಗುಡಿಸು ಅದರ ಜಾಗವನ್ನು ಪಡೆದಿವೆ. 'ಬಾ' ಅಕ್ಷರದಲ್ಲಿ ಇಳಿಯು ನೇರವಾಗಿ ಒಡಲಿಗೆ ಸೇರಿದೆ.

ಕಾಗುಣಿತದಲ್ಲಿ ತಲಕಟ್ಟಿನ ಸ್ಥಾನ

'ಕ' ಅಕ್ಷರದ ಕಾಗುಣಿತವನ್ನು ಪರಿಶೀಲಿಸಿದರೆ ತಲಕಟ್ಟಿನ ಮೂರು ಸ್ಥಿತಿಗಳು ಕಂಡುಬರುತ್ತವೆ.

ಉಳಿಯುವುದು: ಕ, ಕು, ಕೂ, ಕೃ, ಕಂ, ಕಃ ಇವುಗಳಲ್ಲಿ ತಲಕಟ್ಟು ಹಾಗೆಯೇ ಇರುತ್ತದೆ. ಕೊಂಬು, ವಟ್ರಸುಳಿ ಮುಂತಾದವು ಬಲಬದಿಗೆ ಬಂದು ಸೇರುತ್ತವೆ.

ಬೆಸೆಯುವುದು: 'ಕಾ' ರೂಪದಲ್ಲಿ ತಲಕಟ್ಟಿನ ಬಲತುದಿಯೇ ಮುಂದುವರಿದು ಇಳಿಯಾಗುತ್ತದೆ.

ಜಾಗ ಬಿಡುವುದು: ಕಿ, ಕೀ, ಕೆ, ಕೇ, ಕೈ, ಕೊ, ಕೋ, ಕೌ ಇವುಗಳಲ್ಲಿ ತಲಕಟ್ಟು ಹೋಗಿ, ಅದಿದ್ದಲ್ಲಿ ಬೇರೆ ಸ್ವರದ ಗುರುತು ಬರುತ್ತದೆ. ಸ್ವರವಿಲ್ಲದ 'ಕ್' ಬರೆಯುವಾಗಲೂ ತಲಕಟ್ಟಿನ ಸ್ಥಾನದಲ್ಲಿಯೇ ಅರ್ಧಾಕ್ಷರದ ಚಿಹ್ನೆ ನಿಲ್ಲುತ್ತದೆ.

ಹೀಗೆ ಒಂದೇ ಜಾಗದಲ್ಲಿ ಹಲವು ಸ್ವರಗಳ ಗುರುತುಗಳು ಬಂದುಹೋಗುವುದರಿಂದ, ಅಕ್ಷರದ ಒಡಲು ಬದಲಾಗದಿದ್ದರೂ ನೆತ್ತಿಯ ಗೆರೆ ಬದಲಾದೊಡನೆ ಅರ್ಥ ಬದಲಾಗುತ್ತದೆ. ನರ, ನರಿ, ನರೆ ಎಂಬ ಮೂರು ಪದಗಳಲ್ಲಿರುವ ವ್ಯತ್ಯಾಸವು ಎರಡನೆಯ ಅಕ್ಷರದ ನೆತ್ತಿಯಲ್ಲಿ ಮಾತ್ರ ಇದೆ. ಮರ, ಮರಿ, ಮರೆ ಇನ್ನೊಂದು ಉದಾಹರಣೆ.

ಒತ್ತಕ್ಷರಗಳಲ್ಲಿ ತಲಕಟ್ಟು ಇರುವುದಿಲ್ಲ. 'ಅಕ್ಕ' ಎಂಬ ಪದದಲ್ಲಿ 'ಅ' ಸ್ವರವನ್ನು ಉಚ್ಚರಿಸುವುದು ಎರಡನೆಯ ಕಕಾರದ ಬಳಿಕ. ಆದರೆ ತಲಕಟ್ಟು ಕೂರುವುದು ಮೇಲಿರುವ ಮೊದಲ ಕಕಾರದ ಮೇಲೆ. 'ಅಕ್ಕಿ' ಎಂದು ಬರೆಯುವಾಗ ಗುಡಿಸು ಕೂಡ ಮೇಲಿನ ಅಕ್ಷರಕ್ಕೇ ಸೇರುತ್ತದೆ. ಉಚ್ಚಾರಣೆಯ ಕ್ರಮಕ್ಕೂ ಬರವಣಿಗೆಯ ಕ್ರಮಕ್ಕೂ ಇರುವ ಈ ಅಂತರವು ಕಲಿಯುವ ಮಕ್ಕಳನ್ನು ಎಡವಿಸುವ ಸಂಗತಿಗಳಲ್ಲಿ ಒಂದು.

ಶಾಸನ ಮತ್ತು ಓಲೆಗಳಲ್ಲಿ

ಕನ್ನಡ ಲಿಪಿಯ ಮೂಲವಾದ ಬ್ರಾಹ್ಮಿಯಲ್ಲಿ ತಲಕಟ್ಟು ಇರಲಿಲ್ಲ. ಮಸ್ಕಿ, ಬ್ರಹ್ಮಗಿರಿ, ಸಿದ್ದಾಪುರ ಮುಂತಾದೆಡೆ ದೊರೆತಿರುವ ಅಶೋಕನ ಶಾಸನಗಳಲ್ಲಿ 'ಕ' ಅಕ್ಷರವು ಕೂಡಿಸುವ ಚಿಹ್ನೆಯಂತಿದ್ದು ಅದರ ನೆತ್ತಿ ಬೋಳಾಗಿದೆ. ಮುಂದೆ ದಕ್ಷಿಣದ ಶಾಸನಗಳಲ್ಲಿ ಅಕ್ಷರಗಳ ತಲೆ ದಪ್ಪಗಾಗುತ್ತ ಬಂದಿತು. ಕ್ರಿ. ಶ. ೫ನೆಯ ಶತಮಾನದ ತಾಳಗುಂದ ಸ್ತಂಭಶಾಸನದ ಅಕ್ಷರಗಳ ತಲೆಗಳು ಪುಟ್ಟ ಪೆಟ್ಟಿಗೆಯಂತೆ ಕಾಣುವುದರಿಂದ, ಲಿಪಿಶಾಸ್ತ್ರಜ್ಞರು ಈ ಬಗೆಯ ಬರವಣಿಗೆಯನ್ನು ಪೆಟ್ಟಿಗೆತಲೆಯ ಲಿಪಿ ಎಂದು ಗುರುತಿಸುತ್ತಾರೆ. ಕಾಲಕ್ರಮದಲ್ಲಿ ಈ ತಲೆಗುರುತು ಅಡ್ಡಕ್ಕೆ ಹರಡಿ ಗೆರೆಯಾಯಿತು.

ಓಲೆಗರಿಯ ಮೇಲೆ ಕಂಟದಿಂದ ಕೊರೆದು ಬರೆಯುವಾಗ ಗೆರೆಯ ದಪ್ಪ ಎಲ್ಲೆಡೆ ಒಂದೇ ಆಗಿರುತ್ತದೆ; ಮಸಿ ಸವರಿದಾಗ ಕೊರೆದ ಸೀಳು ಮಾತ್ರ ಕಪ್ಪಾಗುತ್ತದೆ. ನಾರಿನ ಉದ್ದಕ್ಕೆ ನೇರವಾದ ಗೆರೆ ಎಳೆದರೆ ಗರಿ ಸೀಳುವ ಸಂಭವವಿರುವುದರಿಂದ ದಕ್ಷಿಣದ ಲಿಪಿಗಳು ದುಂಡಗಾದವೆಂಬುದು ಸಾಮಾನ್ಯವಾಗಿ ಕೊಡಲಾಗುವ ವಿವರಣೆ. ಕನ್ನಡದ ತಲಕಟ್ಟು ಸಾಲಿನುದ್ದಕ್ಕೂ ಬೆಸೆದುಕೊಳ್ಳದೆ ಅಕ್ಷರಕ್ಕೊಂದರಂತೆ ತುಂಡುತುಂಡಾಗಿ ಉಳಿದು, ತುದಿಯಲ್ಲಿ ಬಾಗುವುದು ಈ ದುಂಡು ಬರವಣಿಗೆಗೆ ಹೊಂದುತ್ತದೆ. ದೇವನಾಗರಿಯ ಶಿರೋರೇಖೆಯಾದರೋ ಇಡೀ ಪದವನ್ನು ಒಂದೇ ಗೆರೆಯಲ್ಲಿ ಕಟ್ಟುತ್ತದೆ.

ಸೋದರ ಲಿಪಿಗಳಾದ ಕನ್ನಡ ಮತ್ತು ತೆಲುಗುಗಳನ್ನು ಓದುಗನು ಒಂದೇ ನೋಟದಲ್ಲಿ ಬೇರೆಬೇರೆಯಾಗಿ ಗುರುತಿಸುವುದು ಹೆಚ್ಚಾಗಿ ತಲಕಟ್ಟಿನಿಂದಲೇ. ತೆಲುಗಿನ ತಲಕಟ್ಟು ಸರಿ ಗುರುತಿನಂತೆ ಮೇಲಕ್ಕೆ ಚಿಮ್ಮುತ್ತದೆ. ಕನ್ನಡದ್ದು ಅಡ್ಡಲಾಗಿ ಮಲಗಿ ಬಲತುದಿಯಲ್ಲಿ ತಿರುಗುತ್ತದೆ. ತುಳುನಾಡಿನ ಓಲೆಗಳಲ್ಲಿ ಕಾಣಸಿಗುವ ತುಳು–ತಿಗಳಾರಿ ಲಿಪಿಯು ಮಲಯಾಳದಂತೆ ಗ್ರಂಥ ಲಿಪಿಯ ಕವಲಾಗಿದ್ದು ಅದರಲ್ಲಿ ಈ ಬಗೆಯ ತಲಕಟ್ಟು ಇಲ್ಲ. ಈ ಲಿಪಿಯನ್ನು ೨೦೨೪ರಲ್ಲಿ ಪ್ರಕಟವಾದ ಯೂನಿಕೋಡ್ ೧೬ನೆಯ ಆವೃತ್ತಿಗೆ ಸೇರಿಸಲಾಗಿದೆ.

ಮುದ್ರಣದಲ್ಲಿ

ಕನ್ನಡ ಅಚ್ಚುಮೊಳೆಗಳನ್ನು ಬಳಸಿದ ಆರಂಭದ ಪುಸ್ತಕಗಳಲ್ಲಿ ವಿಲಿಯಂ ಕೇರಿಯ ಕನ್ನಡ ವ್ಯಾಕರಣ ಮುಖ್ಯವಾದುದು. ಅದು ೧೮೧೭ರಲ್ಲಿ ಬಂಗಾಳದ ಶ್ರೀರಾಂಪುರದಲ್ಲಿ ಅಚ್ಚಾಯಿತು. ೧೮೨೦ರಲ್ಲಿ ಜಾನ್ ಮೆಕೆರೆಲ್‌ನ ವ್ಯಾಕರಣ ಮದರಾಸಿನಲ್ಲಿ ಪ್ರಕಟವಾಯಿತು. ಉಕ್ಕಿನ ತುದಿಯಲ್ಲಿ ಅಕ್ಷರವನ್ನು ಕೆತ್ತಿ, ಅದನ್ನು ತಾಮ್ರಕ್ಕೆ ಒತ್ತಿ ಅಚ್ಚು ಮಾಡಿ, ಅದರಲ್ಲಿ ಸೀಸದ ಮಿಶ್ರಲೋಹವನ್ನು ಎರಕಹೊಯ್ದು ಮೊಳೆ ತೆಗೆಯುವ ಈ ವಿಧಾನದಲ್ಲಿ ಗೆರೆಗೆ ದಪ್ಪ ಮತ್ತು ಸಣ್ಣ ಎಂಬ ಭೇದವನ್ನು ಕೊಡುವುದು ಸಾಧ್ಯವಾಯಿತು. ಓಲೆಯಲ್ಲಿ ಏಕಪ್ರಕಾರವಾಗಿದ್ದ ತಲಕಟ್ಟು ಮೊಳೆಯಲ್ಲಿ ಒಂದೆಡೆ ತೆಳುವಾಗಿ ಇನ್ನೊಂದೆಡೆ ಅರಳಿ ನಿಲ್ಲಬಹುದಾಯಿತು.

ಮಂಗಳೂರಿನಲ್ಲಿ ಬಾಸೆಲ್ ಮಿಶನ್ ೧೮೪೧ರಲ್ಲಿ ಮುದ್ರಣಾಲಯವನ್ನು ಆರಂಭಿಸಿದಾಗ ಬಳಸಿದ್ದು ಕಲ್ಲಚ್ಚು. ಹರ್ಮನ್ ಮೋಗ್ಲಿಂಗ್ ಸಂಪಾದಿಸಿದ 'ಮಂಗಳೂರ ಸಮಾಚಾರ'ವು ೧೮೪೩ರ ಜುಲೈ ೧ರಂದು ಹೊರಬಂದದ್ದು ಕಲ್ಲಚ್ಚಿನಲ್ಲಿಯೇ. ಕಲ್ಲಚ್ಚಿನಲ್ಲಿ ಮೊಳೆಗಳಿಲ್ಲ, ಬರೆಯುವವನ ಕೈಬರಹವೇ ಪುಟವಾಗುತ್ತದೆ. ಆದ್ದರಿಂದ ಅಂತಹ ಪುಟಗಳಲ್ಲಿ ಒಂದೇ ಅಕ್ಷರದ ತಲಕಟ್ಟು ಎರಡು ಕಡೆ ಒಂದೇ ಅಳತೆಯಲ್ಲಿ ಇರಬೇಕೆಂದಿಲ್ಲ. ಮುಂದೆ ಅದೇ ಮುದ್ರಣಾಲಯವು ಅಚ್ಚುಮೊಳೆಗಳನ್ನು ಬಳಸತೊಡಗಿತು. ೧೮೯೪ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ ಫರ್ಡಿನಾಂಡ್ ಕಿಟೆಲರ ಕನ್ನಡ–ಇಂಗ್ಲಿಷ್ ನಿಘಂಟಿನಲ್ಲಿ ಕನ್ನಡ ಮೊಳೆಗಳೂ ರೋಮನ್ ಮೊಳೆಗಳೂ ಒಂದೇ ಸಾಲಿನಲ್ಲಿ ಜೊತೆಗೂಡಿವೆ. ಎರಡು ಲಿಪಿಗಳು ಹೀಗೆ ಒಂದೇ ಸಾಲಿನಲ್ಲಿ ಬಂದಾಗ, ರೋಮನ್ ಸಣ್ಣಕ್ಷರಗಳ ಎತ್ತರಕ್ಕೂ ಕನ್ನಡದ ತಲಕಟ್ಟಿನ ಎತ್ತರಕ್ಕೂ ಹೊಂದಾಣಿಕೆ ಇರಬೇಕಾಗುತ್ತದೆ. ಇಲ್ಲವಾದರೆ ಸಾಲು ಏರಿಳಿದಂತೆ ಕಾಣುತ್ತದೆ. ದ್ವಿಭಾಷಾ ಮುದ್ರಣದಲ್ಲಿ ಇದು ಇಂದಿಗೂ ಇರುವ ಸಮಸ್ಯೆ.

ಮೊಳೆ ಜೋಡಿಸುವವರಿಗೆ ಕನ್ನಡದ ಕೆಲಸ ಶ್ರಮದಾಯಕವಾಗಿತ್ತು. ತಲಕಟ್ಟಿರುವ ರೂಪ, ಗುಡಿಸಿರುವ ರೂಪ, ಏತ್ವವಿರುವ ರೂಪ, ಅವುಗಳ ಮೇಲೆ ಒತ್ತಕ್ಷರಗಳು ಎಂದು ಕೇಸಿನಲ್ಲಿ ಮನೆಗಳ ಸಂಖ್ಯೆ ಬೆಳೆಯುತ್ತಿತ್ತು. ಸವೆದ ಮೊಳೆಗಳಲ್ಲಿ ತೆಳುವಾದ ಗೆರೆಗಳೇ ಮೊದಲು ಅಳಿಯುವುದರಿಂದ, ಹಳೆಯ ಪುಸ್ತಕಗಳಲ್ಲಿ ತಲಕಟ್ಟು ಅರ್ಧ ಮಾತ್ರ ಮೂಡಿರುವ ಅಕ್ಷರಗಳು ಆಗಾಗ ಕಾಣಸಿಗುತ್ತವೆ.

ರೋಮನ್ ಅಕ್ಷರಗಳ ಅರಳುತುದಿಗಳೊಡನೆ ಹೋಲಿಕೆ

ರೋಮನ್ ಅಕ್ಷರಗಳ ಗೆರೆಗಳು ಮುಗಿಯುವಲ್ಲಿ ಸೇರಿಸುವ ಕಿರುಗೆರೆಗೆ ಸೆರಿಫ್ ಎಂದು ಹೆಸರು. ಸೆರಿಫ್ ಇಲ್ಲದ ಅಚ್ಚುಗಳಿಗೆ ಸಾನ್ಸ್ ಸೆರಿಫ್ ಎನ್ನುತ್ತಾರೆ. ಇವೆರಡರ ನಡುವೆ ಮೂರನೆಯ ಬಗೆಯೊಂದಿದೆ. ಅದರಲ್ಲಿ ಪ್ರತ್ಯೇಕವಾದ ಕಿರುಗೆರೆಯಿಲ್ಲ. ಮುಖ್ಯ ಗೆರೆಯೇ ತುದಿಗೆ ಬರುತ್ತಾ ನಿಧಾನವಾಗಿ ಅಗಲವಾಗುತ್ತದೆ. ಇದನ್ನು ಅರಳುತುದಿಯ ಅಚ್ಚು ಎನ್ನಬಹುದು.

ಈ ಬಗೆಯ ಹೆಸರಾಂತ ಅಚ್ಚು ಆಲ್ಬರ್ಟಸ್. ಇದನ್ನು ಬರ್ಥೋಲ್ಡ್ ವೋಲ್ಪೆ ೧೯೩೦ರ ದಶಕದಲ್ಲಿ ಮೊನೊಟೈಪ್ ಸಂಸ್ಥೆಗಾಗಿ ರೂಪಿಸಿದರು. ಕಂಚಿನ ಫಲಕದಲ್ಲಿ ಸುತ್ತಲಿನ ಲೋಹವನ್ನು ಕೆತ್ತಿ ತೆಗೆದು, ಅಕ್ಷರವನ್ನು ಉಬ್ಬಾಗಿ ಉಳಿಸುವ ಅವರ ಹಿಂದಿನ ಕೆಲಸವೇ ಇದಕ್ಕೆ ಮಾದರಿ. ೧೩ನೆಯ ಶತಮಾನದ ದಾರ್ಶನಿಕ ಆಲ್ಬರ್ಟಸ್ ಮ್ಯಾಗ್ನಸನ ಹೆಸರನ್ನು ಇದಕ್ಕೆ ಇಡಲಾಗಿದೆ. ಫೇಬರ್ ಅಂಡ್ ಫೇಬರ್ ಪ್ರಕಾಶನದ ಪುಸ್ತಕಗಳ ಹೊದಿಕೆಗಳಲ್ಲಿಯೂ ಸಿಟಿ ಆಫ್ ಲಂಡನ್ ಪ್ರದೇಶದ ಬೀದಿಫಲಕಗಳಲ್ಲಿಯೂ ಇದು ಬಳಕೆಯಾಗಿದೆ. ಇನ್ನೊಂದು ಅಚ್ಚು ಹರ್ಮನ್ ಝಾಫ್ ರೂಪಿಸಿದ ಆಪ್ಟಿಮಾ. ಫ್ಲಾರೆನ್ಸ್ ನಗರದ ಸಾಂತಾ ಕ್ರೋಚೆ ಚರ್ಚಿನ ಸಮಾಧಿಕಲ್ಲುಗಳ ಅಕ್ಷರಗಳನ್ನು ಕಂಡು ಅವರು ೧೯೫೦ರಲ್ಲಿ ಇದರ ಮೊದಲ ರೇಖೆಗಳನ್ನು ಬಿಡಿಸಿದರು; ಅಚ್ಚು ಬಿಡುಗಡೆಯಾದದ್ದು ೧೯೫೮ರಲ್ಲಿ. ವಾಷಿಂಗ್ಟನ್ನಿನ ವಿಯೆಟ್ನಾಂ ಯೋಧರ ಸ್ಮಾರಕದ ಗೋಡೆಯ ಮೇಲಿನ ಹೆಸರುಗಳು ಆಪ್ಟಿಮಾದಲ್ಲಿವೆ.

ಇವೆರಡೂ ಉಳಿಯ ಕೆಲಸದ ನೆನಪನ್ನು ಉಳಿಸಿಕೊಂಡ ಅಚ್ಚುಗಳು. ಹತ್ತಿರದಿಂದ ನೋಡಿದರೆ ತುದಿಗಳು ಅರಳಿರುವುದು ಕಾಣುತ್ತದೆ. ದೂರದಿಂದ ನೋಡಿದರೆ ಅಕ್ಷರ ಸರಳವಾಗಿಯೂ ಗಟ್ಟಿಯಾಗಿಯೂ ತೋರುತ್ತದೆ. ಫಲಕ, ಸ್ಮಾರಕ ಮತ್ತು ಮುಖಪುಟಗಳಿಗೆ ಇವು ಒಪ್ಪಿರುವುದು ಇದರಿಂದಲೇ. ಕನ್ನಡದಲ್ಲಿ ಚಪ್ಪಟೆ ಕುಂಚದಿಂದ ನಾಮಫಲಕ ಬರೆಯುವವರ ಕೈಯಲ್ಲಿ ತಲಕಟ್ಟಿನ ತುದಿ ಇದೇ ರೀತಿಯಲ್ಲಿ ಅರಳುತ್ತದೆ: ಕುಂಚವನ್ನು ಎಳೆದು ಕೊನೆಯಲ್ಲಿ ಒತ್ತಿ ತಿರುಗಿಸಿದಾಗ ಗೆರೆ ತಾನಾಗಿಯೇ ಅಗಲವಾಗುತ್ತದೆ.

ಹೋಲಿಕೆ ಇಲ್ಲಿಗೆ ಮುಗಿಯುತ್ತದೆ. ಆಪ್ಟಿಮಾದ ಅರಳುತುದಿಯನ್ನು ಪೂರ್ತಿಯಾಗಿ ಕತ್ತರಿಸಿದರೂ ಓದುವವನಿಗೆ ಅದೇ ಅಕ್ಷರ ದೊರೆಯುತ್ತದೆ. ಕನ್ನಡದಲ್ಲಿ 'ರ' ಅಕ್ಷರದ ತಲಕಟ್ಟನ್ನು ತೆಗೆದರೆ ಉಳಿಯುವುದು ಸೊನ್ನೆ. ಹಾಗಾಗಿ ಕನ್ನಡದಲ್ಲಿ ತಲಕಟ್ಟಿಲ್ಲದ ಅಚ್ಚು ಎಂಬುದು ಇರಲಾರದು. ನೋಟೊ ಸಾನ್ಸ್ ಕನ್ನಡ ಎಂಬಂತಹ ಹೆಸರುಗಳಲ್ಲಿ 'ಸಾನ್ಸ್' ಎಂದರೆ ಗೆರೆಗಳ ದಪ್ಪ ಹೆಚ್ಚುಕಡಿಮೆ ಒಂದೇ ಸಮನಾಗಿದೆ ಎಂದಷ್ಟೇ ಅರ್ಥ. ಆ ಅಚ್ಚಿನಲ್ಲಿಯೂ ತಲಕಟ್ಟು ಇದ್ದೇ ಇದೆ.

ವಿನ್ಯಾಸದ ಲಕ್ಷಣಗಳು

ಕನ್ನಡ ಅಚ್ಚೊಂದರ ತಲಕಟ್ಟನ್ನು ಈ ಕೆಳಗಿನ ಅಂಶಗಳಿಂದ ವಿವರಿಸಬಹುದು.

ಉದ್ದ: ತಲಕಟ್ಟು ಒಡಲಿನ ಅಗಲವನ್ನು ಮೀರಿ ಚಾಚಿದರೆ ಮುಂದಿನ ಅಕ್ಷರಕ್ಕೆ ತಾಗುವ ಸಂಭವವಿದೆ. ಅತಿ ಗಿಡ್ಡವಾದರೆ ಅರ್ಧಾಕ್ಷರದ ಚಿಹ್ನೆಯೊಡನೆ ಗೊಂದಲವಾಗಬಹುದು.

ದಪ್ಪ: ಒಡಲಿನ ಗೆರೆಯಷ್ಟೇ ದಪ್ಪವಿದ್ದರೆ ಪುಟ ಏಕರೀತಿಯಾಗಿ ಕಾಣುತ್ತದೆ. ತೆಳುವಾಗಿ ಹೊರಟು ದಪ್ಪಗೆ ಮುಗಿದರೆ ಕೈಬರಹದ ಛಾಯೆ ಬರುತ್ತದೆ.

ತುದಿ: ಬಲತುದಿ ಸುರುಳಿಯಾಗಬಹುದು, ಹನಿಯಂತೆ ಉಬ್ಬಬಹುದು, ಓರೆಯಾಗಿ ಕಡಿದಂತಿರಬಹುದು ಅಥವಾ ಅರಳಬಹುದು. ಅಚ್ಚಿನ ಮುಖಲಕ್ಷಣ ಹೆಚ್ಚಾಗಿ ನಿರ್ಧಾರವಾಗುವುದು ಇಲ್ಲಿಯೇ.

ಬೆಸುಗೆ: ತಲಕಟ್ಟು ಒಡಲಿಗೆ ಸೇರುವಲ್ಲಿ ಉಳಿಯುವ ಕಿರುಜಾಗ ಸಣ್ಣ ಅಚ್ಚಿನಲ್ಲಿ ಮಸಿಯಿಂದ ತುಂಬಿಹೋಗಬಾರದು.

ಎತ್ತರ: ಗುಡಿಸು ಮತ್ತು ಏತ್ವಗಳು ತಲಕಟ್ಟಿಗಿಂತ ಎಷ್ಟು ಮೇಲೆ ಏಳುತ್ತವೆ ಎಂಬುದರ ಮೇಲೆ ನರ, ನರಿ, ನರೆ ಇಂತಹ ಪದಗಳನ್ನು ಬೇಗನೆ ಬೇರೆಬೇರೆಯಾಗಿ ಗುರುತಿಸುವುದು ನಿಂತಿದೆ.

ಈ ಐದೂ ಒಂದಕ್ಕೊಂದು ಹೆಣೆದುಕೊಂಡಿವೆ. ಕೆಳಗೆ ಒತ್ತಕ್ಷರಗಳಿಗೂ ಮೇಲೆ ಗುಡಿಸು, ಏತ್ವಗಳಿಗೂ ಸ್ಥಳ ಬಿಡಬೇಕಾಗಿರುವುದರಿಂದ ಕನ್ನಡದ ಸಾಲುಗಳ ನಡುವೆ ರೋಮನ್ ಸಾಲುಗಳಿಗಿಂತ ಹೆಚ್ಚು ಅಂತರ ಬೇಕಾಗುತ್ತದೆ. ಕಾಗದ ಉಳಿಸಲೆಂದು ಈ ಅಂತರವನ್ನು ಕಡಿಮೆ ಮಾಡಿದರೆ, ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ನೆತ್ತಿಗೆ ತಾಗುತ್ತದೆ.

ಗಣಕದಲ್ಲಿ

ಗಣಕಕ್ಕೆ ಕನ್ನಡವನ್ನು ತಂದವರಲ್ಲಿ ಕಿನ್ನಿಕಂಬಳ ಪದ್ಮನಾಭ ರಾವ್ (ಕೆ. ಪಿ. ರಾವ್) ಪ್ರಮುಖರು. ತಾವು ರೂಪಿಸಿದ ಅಕ್ಷರ ಜೋಡಣೆಯ ತಂತ್ರಾಂಶಕ್ಕೆ ಅವರು ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ನೆನಪಿಗಾಗಿ 'ಸೇಡಿಯಾಪು' ಎಂದು ಹೆಸರಿಟ್ಟರು. ಅವರ ಕೀಲಿಮಣೆ ವಿನ್ಯಾಸವು ಮುಂದೆ ಕರ್ನಾಟಕದಲ್ಲಿ ವ್ಯಾಪಕವಾಗಿ ಬಳಕೆಗೆ ಬಂದ ವಿನ್ಯಾಸಕ್ಕೆ ಆಧಾರವಾಯಿತು.

ಯೂನಿಕೋಡ್ ಬಳಕೆಗೆ ಬರುವ ಮುನ್ನ ರೂಢಿಯಲ್ಲಿದ್ದ ನುಡಿ ಮೊದಲಾದ ಫಾಂಟುಗಳಲ್ಲಿ ತಲಕಟ್ಟಿಗೆ ಅದರದೇ ಸಂಕೇತಸ್ಥಾನವಿತ್ತು. ಅಕ್ಷರವನ್ನು ತಲಕಟ್ಟಿಲ್ಲದ ಒಡಲು ಮತ್ತು ತಲಕಟ್ಟು ಎಂಬ ಎರಡು ತುಂಡುಗಳಾಗಿ ಇರಿಸಿ, ತೆರೆಯ ಮೇಲೆ ಪಕ್ಕಪಕ್ಕದಲ್ಲಿ ಜೋಡಿಸಲಾಗುತ್ತಿತ್ತು. ತಲಕಟ್ಟು ಇಳಿಯೊಡನೆ ಬೆಸೆದ ರೂಪಕ್ಕೆ ಬೇರೆಯೇ ಸಂಕೇತವಿತ್ತು. ಅಂತಹ ಕಡತವನ್ನು ಆ ಫಾಂಟು ಇಲ್ಲದ ಗಣಕದಲ್ಲಿ ತೆರೆದರೆ, ತಲಕಟ್ಟಿದ್ದಲ್ಲೆಲ್ಲ ನೆತ್ತಿಯ ಮೇಲೆ ಓರೆಗೀಟುಳ್ಳ ರೋಮನ್ 'ಎ' ಕಾಣಿಸುತ್ತದೆ. 'ನರ' ಎಂಬ ಪದವು ಪೌಂಡ್ ನಾಣ್ಯದ ಚಿಹ್ನೆ, ಗೀಟುಳ್ಳ 'ಎ', 'ಜಿ', ಮತ್ತೆ ಗೀಟುಳ್ಳ 'ಎ' ಆಗಿ ತೋರುತ್ತದೆ. 'ನರಿ' ಎಂಬಲ್ಲಿ ಕೊನೆಯ ಗೀಟುಳ್ಳ 'ಎ' ಇರುವುದಿಲ್ಲ. 'ರಿ' ಎಂಬುದಕ್ಕೆ ಒಂದೇ ಸಂಕೇತವಿದೆ. ಶಾಲಾ ಕಾಗುಣಿತದ ತರ್ಕವೇ ಗಣಕದಲ್ಲಿಯೂ ಮುಂದುವರಿದಿತ್ತು ಎನ್ನಬಹುದು.

ಯೂನಿಕೋಡ್‌ನ ಕ್ರಮ ಇದಕ್ಕೆ ವಿರುದ್ಧವಾದುದು. ಅಲ್ಲಿ ತಲಕಟ್ಟಿಗೆ ಸಂಕೇತವಿಲ್ಲ. 'ಕ' ಎಂಬುದು ಸ್ವರಸಹಿತವಾದ ಮೂಲಾಕ್ಷರ. 'ಕ್' ಬೇಕಾದಾಗ ಅರ್ಧಾಕ್ಷರದ ಚಿಹ್ನೆಯನ್ನು ಸೇರಿಸಬೇಕು. ಧ್ವನಿಯನ್ನು ದಾಖಲಿಸುವುದು ಯೂನಿಕೋಡ್‌ನ ಕೆಲಸ, ತಲಕಟ್ಟನ್ನು ಬಿಡಿಸುವುದು ಫಾಂಟಿನ ಕೆಲಸ. ಈ ವಿಭಜನೆಯಿಂದಾಗಿ ಒಂದೇ ಪಠ್ಯವನ್ನು ಯಾವ ಅಚ್ಚಿನಲ್ಲಿ ಬೇಕಾದರೂ ತೋರಿಸುವುದೂ ಪದಗಳನ್ನು ಹುಡುಕುವುದೂ ಸುಲಭವಾಗಿದೆ. ಹಳೆಯ ಸಂಕೇತಗಳಲ್ಲಿರುವ ಕಡತಗಳನ್ನು ಮಾತ್ರ ಪರಿವರ್ತಕ ತಂತ್ರಾಂಶದ ನೆರವಿನಿಂದ ಬದಲಾಯಿಸಿಕೊಳ್ಳಬೇಕು.

ಬಳಕೆ

ಇಂದು ದೊರೆಯುವ ಯೂನಿಕೋಡ್ ಫಾಂಟುಗಳಲ್ಲಿ ತಲಕಟ್ಟಿನ ಬೇರೆಬೇರೆ ರೂಪಗಳನ್ನು ಕಾಣಬಹುದು. ವಿಂಡೋಸ್ ಜೊತೆಗೆ ಬಂದ ತುಂಗಾ ತೆರೆಯ ಮೇಲಿನ ಓದಿಗೆ ಬಹುಕಾಲ ಬಳಕೆಯಾಯಿತು. ನೋಟೊ ಸಾನ್ಸ್ ಕನ್ನಡದಲ್ಲಿ ಗೆರೆ ಸಮದಪ್ಪವಾಗಿದ್ದರೆ ನೋಟೊ ಸೆರಿಫ್ ಕನ್ನಡದಲ್ಲಿ ದಪ್ಪ–ಸಣ್ಣ ಭೇದವಿದೆ. ಏಕ್ ಟೈಪ್ ಬಳಗದ ಬಾಲೂ ತಮ್ಮ ದಪ್ಪನಾದ ದುಂಡು ಅಚ್ಚು. ಶೀರ್ಷಿಕೆಗಳಿಗೂ ಜಾಹೀರಾತುಗಳಿಗೂ ಒಪ್ಪುತ್ತದೆ. ಪುಸ್ತಕದ ಓದಿಗಾಗಿ ರೂಪಿಸಿದ ಟೈರೊ ಕನ್ನಡದ ಮೂಲವು ಮೂರ್ತಿ ಕ್ಲಾಸಿಕಲ್ ಲೈಬ್ರರಿ ಆಫ್ ಇಂಡಿಯಾ ಮಾಲೆಗಾಗಿ ಮಾಡಿದ ಅಚ್ಚಿನಲ್ಲಿದೆ. ಈ ಮಾಲೆಯಲ್ಲಿ ರಾಘವಾಂಕನ ಹರಿಶ್ಚಂದ್ರ ಕಾವ್ಯವು ಇಂಗ್ಲಿಷ್ ಅನುವಾದದೊಂದಿಗೆ ೨೦೧೭ರಲ್ಲಿ ಪ್ರಕಟವಾಗಿದೆ.

ರೈಲು ನಿಲ್ದಾಣಗಳ ಹಳದಿ ಫಲಕಗಳು ಮೂರು ಲಿಪಿಗಳ ತಲೆಗಳನ್ನು ಒಟ್ಟಿಗೆ ನೋಡಲು ಒಳ್ಳೆಯ ಸ್ಥಳ. ಮಂಗಳೂರು–ಹಾಸನ ಮಾರ್ಗದ ಕೋಡಿಂಬಾಳ ನಿಲ್ದಾಣದ ಹೆಸರನ್ನೇ ತೆಗೆದುಕೊಂಡರೆ, ದೇವನಾಗರಿಯಲ್ಲಿ ಒಂದೇ ಶಿರೋರೇಖೆ ಇಡೀ ಹೆಸರನ್ನು ಕಟ್ಟುತ್ತದೆ. ರೋಮನ್ ದೊಡ್ಡಕ್ಷರಗಳಿಗೆ ನೆತ್ತಿಗೆರೆಯ ಹಂಗಿಲ್ಲ. ಕನ್ನಡದಲ್ಲಿ ಏತ್ವ, ಗುಡಿಸು, ಇಳಿ, ತಲಕಟ್ಟುಗಳು ಒಂದರ ಪಕ್ಕ ಒಂದು ಬರುತ್ತವೆ. ಓಡುವ ಗಾಡಿಯ ಕಿಟಕಿಯಿಂದ ಹೆಸರು ಓದುವ ಪ್ರಯಾಣಿಕನಿಗೆ ಈ ನೆತ್ತಿಗುರುತುಗಳೇ ಆಧಾರ.

ಸ್ಪಷ್ಟತೆಯ ಪ್ರಶ್ನೆ

ತಲಕಟ್ಟಿನ ವಿನ್ಯಾಸವು ಸೌಂದರ್ಯದ ವಿಷಯ ಮಾತ್ರವಲ್ಲ. 'ರ' ಅಕ್ಷರಕ್ಕೂ ಕನ್ನಡದ ಸೊನ್ನೆಗೂ (೦) ಅನುಸ್ವಾರದ ಬಿಂದುವಿಗೂ ದುಂಡು ಒಡಲು ಸಮಾನ. 'ರ' ಮತ್ತು 'ಠ' ಅಕ್ಷರಗಳನ್ನು ಬೇರ್ಪಡಿಸುವುದು ಒಳಗಿನ ಚುಕ್ಕಿ. ತಲಕಟ್ಟು ಮಸುಕಾದ ಝೆರಾಕ್ಸ್ ಪ್ರತಿಯಲ್ಲಿ, ಹಲವು ಬಾರಿ ನಕಲಾದ ಪಹಣಿ ಅಥವಾ ಕ್ರಯಪತ್ರದಲ್ಲಿ, ಹೆಸರಿನ ಒಂದು ಅಕ್ಷರ ಅಂಕಿಯಂತೆ ಕಾಣಬಹುದು. ಮುದ್ರಿತ ಪುಟಗಳನ್ನು ಯಂತ್ರದಿಂದ ಓದಿಸಿ ಪಠ್ಯವಾಗಿಸುವಾಗಲೂ ನೆತ್ತಿಯ ಗೆರೆ ಅಳಿದಿರುವಲ್ಲಿ 'ರ' ಮತ್ತು ಸೊನ್ನೆ, 'ವ' ಮತ್ತು 'ವಿ' ಅದಲುಬದಲಾಗುವ ಸಾಧ್ಯತೆಯಿದೆ. ಹಳೆಯ ಕನ್ನಡ ಪುಸ್ತಕಗಳನ್ನು ಗಣಕಕ್ಕೆ ಏರಿಸುವವರು ಕರಡು ತಿದ್ದುವಾಗ ಅಕ್ಷರಗಳ ನೆತ್ತಿಯ ಕಡೆಗೆ ವಿಶೇಷ ಗಮನ ಕೊಡಬೇಕಾಗುತ್ತದೆ.

ಅಕ್ಷರಾಭ್ಯಾಸದ ಹಂತದಲ್ಲಿ ಇದರ ಮಹತ್ವ ಇನ್ನೂ ಹೆಚ್ಚು. ಅನುಭವಿ ಓದುಗನು ಪದದ ಆಕಾರವನ್ನು ನೋಡಿ, ಹಿಂದುಮುಂದಿನ ಅರ್ಥವನ್ನು ಊಹಿಸಿ ಮುಂದೆ ಸಾಗುತ್ತಾನೆ. ಮಗು ಅಕ್ಷರವನ್ನು ಬಿಡಿಬಿಡಿಯಾಗಿ ಓದುತ್ತದೆ. ನೆತ್ತಿಯಲ್ಲಿರುವುದು ತಲಕಟ್ಟೋ ಗುಡಿಸೋ ಎಂದು ಕಂಡಷ್ಟನ್ನೇ ನಂಬುತ್ತದೆ. ಆದ್ದರಿಂದ ಮೊದಲ ತರಗತಿಗಳ ಪಠ್ಯಕ್ಕೆ ಆರಿಸುವ ಅಚ್ಚಿನಲ್ಲಿ ತಲಕಟ್ಟು ಒಡಲಿಗೆ ಸರಿಸಮನಾದ ದಪ್ಪದಲ್ಲಿರುವುದು, ಗುಡಿಸು ಮತ್ತು ಏತ್ವಗಳು ಅದಕ್ಕಿಂತ ಸ್ಪಷ್ಟವಾಗಿ ಮೇಲೆದ್ದಿರುವುದು, ಸಾಲುಗಳ ನಡುವೆ ಒತ್ತಕ್ಷರಕ್ಕೂ ನೆತ್ತಿಗೂ ತಾಗದಷ್ಟು ಅಂತರವಿರುವುದು ಅಪೇಕ್ಷಣೀಯ. ತುದಿ ತುಂಬ ಸುರುಳಿಯಾದ ಅಥವಾ ಅತಿಯಾಗಿ ಅರಳಿದ ತಲಕಟ್ಟಿನ ಅಚ್ಚುಗಳು ಆಮಂತ್ರಣ ಪತ್ರಿಕೆ, ಮುಖಪುಟ ಮತ್ತು ಫಲಕಗಳಿಗೆ ಹೆಚ್ಚು ತಕ್ಕವು.